ಫ್ರೀಬಿಎಸ್‌ಡಿ ವಿಎಂ: ವೇಗ ಮಾಡಲು ಹೋಗಿ ಬೂಟೇ ನಿಂತುಹೋಯಿತು, ಮೂಲೆಯಲ್ಲೊಂದು ಹಸಿರು ಆಮೆ ಬೇರೆ

ಮೂಲೆಮೇಜು | ಶನಿವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಅರ್ಧ ಹೇಳಿ ಅರ್ಧ ಬಿಟ್ಟರೆ ನೀವು ಮತ್ತೆ ಕೇಳುತ್ತೀರಿ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಬರೆದುಬಿಡುತ್ತೇನೆ.

ನಾನು ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ಯುನಿಕ್ಸ್ ಇತ್ತು. ಹಸಿರು ಅಕ್ಷರದ ಟರ್ಮಿನಲ್, ಒಂದು ಸರ್ವರ್, ಅದಕ್ಕೆ ಜೋತುಬಿದ್ದ ಮೂವತ್ತು ಜನ. ಆಮೇಲೆ ಇಪ್ಪತ್ತು ವರ್ಷ ಲೆಕ್ಕಪತ್ರದ ಕೆಲಸದಲ್ಲಿ ಹೋಯಿತು, ಕಪ್ಪು ಪರದೆ ಕಡೆ ತಿರುಗಿ ನೋಡಲೇ ಇಲ್ಲ. ಈಗ ರಾತ್ರಿ ಹೊತ್ತು ಒಂದೆರಡು ಗಂಟೆ ಸಿಗುತ್ತೆ. ಮತ್ತೆ ಕಲಿಯೋಣ ಅನ್ನಿಸಿತು. ಲಿನಕ್ಸ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಹಳೆಯ ಬಿಎಸ್‌ಡಿ ಮನೆತನದ್ದೇ ಬೇಕಿತ್ತು. ಹಾಗಾಗಿ ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ 14.

ಡೆಸ್ಕ್‌ಟಾಪಿನಲ್ಲಿ 16 ಜಿಬಿ ಮೆಮೊರಿ, 6 ಕೋರ್, ವಿಂಡೋಸ್ 11 ಇದೆ. ಕಂಪ್ಯೂಟರ್ ನನ್ನೊಬ್ಬಳದ್ದಲ್ಲ, ಮಗನೂ ಬಳಸುತ್ತಾನೆ. ಅವನ ಕಾಲೇಜಿನ ಪ್ರಾಜೆಕ್ಟ್ ಪೂರ್ತಿ ಡಬ್ಲ್ಯುಎಸ್‌ಎಲ್2 (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಕೂತಿದೆ. ಹಾಗಾಗಿ ಡಿಸ್ಕ್ ಅಳಿಸಿ ಹೊಸದಾಗಿ ಹಾಕುವ ಮಾತೇ ಇಲ್ಲ. ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ತೋರಿಕೆಯ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ಪ್ರೋಗ್ರಾಂ) ಹಾಕಿ, ಅದರೊಳಗೆ 2 ಜಿಬಿ ಮೆಮೊರಿ, 4 ಕೋರ್, 16 ಜಿಬಿ ಡಿಸ್ಕ್ ಕೊಟ್ಟು ಇನ್‌ಸ್ಟಾಲ್ ಮಾಡಿದೆ. ಡಿಸ್ಕ್ ಹಂಚುವಾಗ, ಕಡತಗಳನ್ನು ಇಡುವ ವ್ಯವಸ್ಥೆಗೆ (ಫೈಲ್‌ಸಿಸ್ಟಂ) ಯುಎಫ್‌ಎಸ್ ಆರಿಸಿದೆ. ಝಡ್‌ಎಫ್‌ಎಸ್ ಅಂದರೆ ಏನೋ ದೊಡ್ಡವರ ವಿಷಯ ಅನ್ನಿಸಿತು.

ಇನ್‌ಸ್ಟಾಲ್ ಆಯಿತು, ಲಾಗಿನ್ ಕೂಡ ಆಯಿತು. ಆದರೆ ವಿಪರೀತ ನಿಧಾನ. ನಾನು ಐದಕ್ಷರ ಒತ್ತಿ ಮುಗಿಸಿದ ಮೇಲೆ ಮೊದಲನೆಯದು ಪರದೆಗೆ ಬರುತ್ತಿತ್ತು. ಬೂಟ್ ಆಗಲಿಕ್ಕೆ ನಾಲ್ಕು ನಿಮಿಷ, ಮೊಬೈಲಿನಲ್ಲಿ ಹಿಡಿದು ನೋಡಿದೆ. ಡಿಸ್ಕೇ ನಿಧಾನ ಇರಬೇಕು ಅಂದುಕೊಂಡೆ. ಎಲ್ಲೋ ಓದಿದೆ, ವಿಎಂಗಳಿಗೆಂದೇ ಇರುವ ವರ್ಟ್‌ಐಒ ಸಾಧನ ಹಾಕಿದರೆ ವೇಗ ಜಾಸ್ತಿ ಅಂತ. ಸರಿ, ವಿಎಂ ನಿಲ್ಲಿಸಿ ಡಿಸ್ಕಿನ ಕಂಟ್ರೋಲರನ್ನು (ಅದನ್ನು ಜೋಡಿಸಿರುವ ಬಗೆ) ಸಾಟಾದಿಂದ ವರ್ಟ್‌ಐಒ-ಸ್ಕಸಿಗೆ ಬದಲಿಸಿದೆ. ನೆಟ್‌ವರ್ಕ್ ಕಾರ್ಡನ್ನೂ ಇಂಟೆಲ್‌ನಿಂದ ವರ್ಟ್‌ಐಒಗೆ ಬದಲಿಸಿದೆ. ಕೈ ಹಾಕಿದ್ದು ಹಾಕಿದೆ ಅಂತ ಕೋರ್ ಕೂಡ 6 ಮಾಡಿಬಿಟ್ಟೆ.

ಗಾಯದ ಮೇಲೆ ಬರೆ. ಈಗ ಬೂಟೇ ಆಗುತ್ತಿಲ್ಲ. ಕರ್ನಲ್ (ಸಿಸ್ಟಂನ ತಿರುಳು) ಬರೆಯುವ ಸಾಲುಗಳೆಲ್ಲ ಓಡಿಹೋಗಿ ಕೊನೆಗೆ "ಯುಎಫ್‌ಎಸ್:/ಡೆವ್/ಎಡಿಎ0ಪಿ2 ಮೌಂಟ್ ಆಗಲಿಲ್ಲ, ಎರರ್ 19" ಅಂತ ಹೇಳಿ "ಮೌಂಟ್‌ರೂಟ್>" ಅಂತ ನಿಲ್ಲುತ್ತೆ. ಅದು ನನ್ನನ್ನೇ ಏನೋ ಕೇಳುತ್ತಿದೆ, ಏನು ಅಂತ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ, ಬಲಗಡೆ, ಒಂದು ಪುಟ್ಟ ಹಸಿರು ಆಮೆ ಕೂತಿದೆ. ಅಲಂಕಾರಕ್ಕೆ ಇಟ್ಟಿದ್ದಾರಾ?

ಮೊದಲಿನಿಂದ ಇನ್‌ಸ್ಟಾಲ್ ಮಾಡಿ ಅನ್ನಬೇಡಿ ದಯವಿಟ್ಟು. ಅದು ನನಗೂ ಗೊತ್ತು. ಏನಾಯಿತು ಅಂತ ತಿಳಿಯಬೇಕು.


ಸುಮ್ನೆಓದುಗ | ಶನಿವಾರ, ರಾತ್ರಿ 11:58

ಮೇಡಂ, ಆಮೆ ಅಲಂಕಾರಕ್ಕಲ್ಲ. 😀 ನಿಮ್ಮ ನಿಧಾನಕ್ಕೆ ಅದೇ ಕಾರಣ. ವಿವರವಾಗಿ ಹೇಳುವವರು ಬರುತ್ತಾರೆ, ನಾನು ಮಲಗುತ್ತೇನೆ.


ರಾತ್ರಿಪಾಳಿ | ಭಾನುವಾರ, ಬೆಳಗಿನ ಜಾವ 2:15

ನಮಸ್ಕಾರ ಮೇಡಂ. ಡ್ಯೂಟಿಯಲ್ಲಿದ್ದೇನೆ, ಈಗ ಏನೂ ಕೆಟ್ಟಿಲ್ಲ, ಆರಾಮಾಗಿ ಬರೆಯುತ್ತೇನೆ.

ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಮೊದಲನೆಯದು ವಿಂಡೋಸ್ ಕಡೆಯದು. ಉಳಿದೆರಡು ನಿನ್ನೆ ರಾತ್ರಿ ನೀವೇ ತಂದುಕೊಂಡದ್ದು. ನಿಧಾನ ಇದ್ದದ್ದು ಒಂದು ಕಡೆ, ನೀವು ಬಿಚ್ಚಿದ್ದು ಇನ್ನೊಂದು ಕಡೆ. ಅದರ ಮೇಲೆ ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದ್ದೀರಿ. ಲೆಕ್ಕಪತ್ರದಲ್ಲಿ ಮೂರು ಎಂಟ್ರಿ ಒಂದೇ ಏಟಿಗೆ ತಿದ್ದಿ ಆಮೇಲೆ ಟ್ಯಾಲಿ ಆಗಲಿಲ್ಲ ಅಂತ ನಾನು ಕೂತರೆ ನೀವು ನನಗೆ ಬೈತೀರಲ್ವಾ? ಹಾಗೇ ಇದು.

ಮೊದಲು ಬೂಟ್ ಸರಿ ಮಾಡೋಣ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ನೀವು ಕೀಲಿ ಒತ್ತುವಾಗ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ.

ಫ್ರೀಬಿಎಸ್‌ಡಿಯಲ್ಲಿ ಡಿಸ್ಕಿನ ಹೆಸರು ಅದು ಯಾವ ಡ್ರೈವರ್ ಮೂಲಕ ಬಂತು ಅನ್ನುವುದರ ಮೇಲೆ ಹೋಗುತ್ತೆ. ಸಾಟಾ ಆಗಲಿ ಹಳೆಯ ಐಡಿಇ ಆಗಲಿ, ಎಟಿಎ ಡಿಸ್ಕಾದರೆ ಎಡಿಎ0. ಸ್ಕಸಿ ದಾರಿಯಲ್ಲಿ ಬಂದರೆ ಡಿಎ0. ಲಿನಕ್ಸಿನಲ್ಲಿ ವಿಎಂ ಓಡಿಸುವ ಕೆವಿಎಂ ಬಳಸುವವರು ವರ್ಟ್‌ಐಒ ಬ್ಲಾಕ್ ಡಿಸ್ಕ್ ಕೊಟ್ಟರೆ ಅದು ವಿಟಿಬಿಡಿ0. ಡಿಸ್ಕ್ ಅದೇ, ಒಳಗಿನ ಒಂದು ಬೈಟ್ ಕೂಡ ಬದಲಾಗಿಲ್ಲ, ಹೆಸರು ಮಾತ್ರ ಬೇರೆ. ಆದರೆ ನಿಮ್ಮ /ಇಟಿಸಿ/ಎಫ್‌ಸ್ಟ್ಯಾಬ್ ಕಡತದಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು ಅನ್ನುವ ಪಟ್ಟಿ) ಇನ್‌ಸ್ಟಾಲರ್ ಅವತ್ತು ಬರೆದಿಟ್ಟದ್ದು ಎಡಿಎ0ಪಿ2. ಕರ್ನಲ್ ಆ ಹೆಸರು ಹಿಡಿದು ಹುಡುಕಿತು, ಆ ಹೆಸರಿನವರು ಯಾರೂ ಇಲ್ಲ. ಎರರ್ 19 ಅಂದರೆ "ಅಂಥ ಸಾಧನ ಇಲ್ಲ" ಅಂತ ಅಷ್ಟೇ. ಗಾಬರಿ ಬೇಡ.

ಅದು ನಿಮ್ಮನ್ನು ಕೇಳುತ್ತಿರುವುದು "ರೂಟ್, ಅಂದರೆ ಇಡೀ ಸಿಸ್ಟಂ ಕೂತಿರುವ ಪಾರ್ಟಿಷನ್, ಎಲ್ಲಿದೆ ಹೇಳಿ" ಅಂತ. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಎಂಟರ್ ಹೊಡೆಯಿರಿ. ತನಗೆ ಕಾಣುವ ಡಿಸ್ಕುಗಳ ಪಟ್ಟಿ ಕೊಡುತ್ತೆ: ಸಿಡಿ0, ಡಿಎ0, ಡಿಎ0ಪಿ1, ಡಿಎ0ಪಿ2, ಡಿಎ0ಪಿ3, ಈ ಥರ. ಪಿ1 ಬೂಟ್ ಕೋಡ್, ಪಿ2 ನಿಮ್ಮ ರೂಟ್, ಪಿ3 ಸ್ವಾಪ್ (ಮೆಮೊರಿ ಸಾಲದಿದ್ದಾಗ ಬಳಸುವ ಜಾಗ). ಈಗ ಹೀಗೆ ಹೇಳಿ:

ಯುಎಫ್‌ಎಸ್:/ಡೆವ್/ಡಿಎ0ಪಿ2

ರೂಟ್ ಹತ್ತಿಕೊಳ್ಳುತ್ತೆ. ಆದರೆ ಸ್ವಲ್ಪ ಮುಂದೆ ಹೋಗಿ ಮತ್ತೆ ಮುಗ್ಗರಿಸುತ್ತೆ. ಯಾಕಂದರೆ ಎಫ್‌ಎಸ್‌ಸಿಕೆ ಡಿಸ್ಕ್ ತಪಾಸಣೆಗೆ ಹೊರಟಾಗ ಅದು ಓದುವುದೂ ಅದೇ ಎಫ್‌ಸ್ಟ್ಯಾಬ್. ಸಿಂಗಲ್ ಯೂಸರ್ ಶೆಲ್‌ಗೆ (ರಿಪೇರಿಗೆ ಇರುವ ಕಮಾಂಡ್ ಪರದೆ) ಬೀಳಿಸಿ, ಯಾವ ಶೆಲ್ ಬೇಕು ಅಂತ ಕೇಳುತ್ತೆ. ಸುಮ್ನೆ ಎಂಟರ್ ಒತ್ತಿ. ಆಗ ರೂಟ್ ಓದಲು ಮಾತ್ರ ಸಿಗುತ್ತೆ, ಬರೆಯಲು ಆಗಲ್ಲ. ಮೊದಲು "ಎಫ್‌ಎಸ್‌ಸಿಕೆ -ವೈ /ಡೆವ್/ಡಿಎ0ಪಿ2" ಓಡಿಸಿ. ಆಮೇಲೆ "ಮೌಂಟ್ -ಯು -ಡಬ್ಲ್ಯು /" ಕೊಟ್ಟರೆ ಬರೆಯಲು ಬಿಡುತ್ತೆ. "ಇಇ /ಇಟಿಸಿ/ಎಫ್‌ಸ್ಟ್ಯಾಬ್" ಅಂದರೆ ಎಡಿಟರ್ ತೆರೆಯುತ್ತೆ. ಇಇ ಅನ್ನುವುದು ವಿಐ ಬಾರದವರಿಗೆ ವರ, ಮೇಲ್ಗಡೆನೇ ಯಾವ ಕೀಲಿ ಏನು ಅಂತ ಬರೆದಿರುತ್ತೆ. ಎರಡು ಸಾಲಿನಲ್ಲಿ ಎಡಿಎ0 ಇರುತ್ತೆ, ರೂಟ್ ಮತ್ತು ಸ್ವಾಪ್. ಎರಡನ್ನೂ ಡಿಎ0 ಮಾಡಿ. ಉಳಿಸಿ, ರೀಬೂಟ್.

ಇಷ್ಟೆಲ್ಲ ಬೇಡ ಅನ್ನಿಸಿದರೆ ವಿಎಂ ನಿಲ್ಲಿಸಿ ಡಿಸ್ಕನ್ನು ವಾಪಸ್ ಸಾಟಾಗೆ ಹಾಕಿ, ಎರಡು ನಿಮಿಷದ ಕೆಲಸ. ಆದರೆ ನೀವು "ಏನಾಯಿತು ತಿಳಿಯಬೇಕು" ಅಂದಿರಲ್ಲ, ಅದಕ್ಕೆ ಉದ್ದದ ದಾರಿ ಹೇಳಿದೆ. ಮೌಂಟ್‌ರೂಟ್ ಪ್ರಾಂಪ್ಟನ್ನು ವಿಎಂ ಒಳಗೆ ನೋಡಿದ್ದು ನಿಮ್ಮ ಪುಣ್ಯ. ನಾನು ಮೊದಲ ಸಲ ನೋಡಿದ್ದು ನಿಜವಾದ ಸರ್ವರಿನಲ್ಲಿ, ಹಿಂದೆ ನಾಲ್ಕು ಜನ ನಿಂತು "ಆಯ್ತಾ, ಆಯ್ತಾ" ಅನ್ನುವಾಗ. ಪ್ರಶ್ನಾರ್ಥಕ ಒತ್ತಬಹುದು ಅಂತಲೂ ಗೊತ್ತಿರಲಿಲ್ಲ.

ಇನ್ನು ಮುಂದೆ ಈ ಕಾಟ ಬೇಡ ಅಂದರೆ ಪಾರ್ಟಿಷನ್ನಿಗೆ ಲೇಬಲ್ ಹಚ್ಚಿ. "ಜಿಪಾರ್ಟ್ ಮಾಡಿಫೈ -ಐ 2 -ಎಲ್ ರೂಟ್‌ಎಫ್‌ಎಸ್ ಡಿಎ0" ಅಂತ. ಆಮೇಲೆ ಎಫ್‌ಸ್ಟ್ಯಾಬ್‌ನಲ್ಲಿ /ಡೆವ್/ಜಿಪಿಟಿ/ರೂಟ್‌ಎಫ್‌ಎಸ್ ಅಂತ ಬರೆಯಿರಿ. ಲೇಬಲ್ ಡಿಸ್ಕಿನ ಮೇಲೇ ಇರುತ್ತೆ. ಕಂಟ್ರೋಲರ್ ಎಷ್ಟು ಸಲ ಬದಲಿಸಿದರೂ ಅದರ ಹೆಸರು ಬದಲಾಗಲ್ಲ.

ಎರಡನೆಯದು ಇನ್ನೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಬೂಟ್ ಆದ ಮೇಲೆ ಬೀಳುತ್ತೆ. ನೆಟ್ ಬರಲ್ಲ. ಕಾರಣ ಅದೇ. ಇಂಟೆಲ್ ಕಾರ್ಡಿದ್ದಾಗ ಇಂಟರ್‌ಫೇಸ್ ಹೆಸರು ಇಎಂ0, ಈಗ ವಿಟಿನೆಟ್0. /ಇಟಿಸಿ/ಆರ್‌ಸಿ.ಕಾನ್ಫ್ ಒಳಗೆ "ಐಎಫ್‌ಕಾನ್ಫಿಗ್_ಇಎಂ0" ಅನ್ನುವ ಸಾಲು ಇರುತ್ತೆ. ಇಎಂ0 ಜಾಗದಲ್ಲಿ ದೊಡ್ಡಕ್ಷರದಲ್ಲಿ ಡಿಫಾಲ್ಟ್ ಅಂತ ಹಾಕಿಬಿಡಿ. ಯಾವ ಕಾರ್ಡ್ ಬಂದರೂ ಡಿಎಚ್‌ಸಿಪಿ ಮೂಲಕ ತನ್ನ ವಿಳಾಸ ತಾನೇ ಕೇಳಿಕೊಳ್ಳುತ್ತೆ.

ಕೋರನ್ನು 2ಕ್ಕೆ ಇಳಿಸಿ. 6 ಇದ್ದ ಕಡೆ ವಿಎಂಗೆ 6 ಕೊಟ್ಟರೆ ವಿಂಡೋಸ್ ಏನು ಮಾಡಬೇಕು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತೆ. ಕಪ್ಪು ಪರದೆಯಲ್ಲಿ ಕಲಿಯೋದಕ್ಕೆ ಎರಡು ಧಾರಾಳ.

ಈಗ ಆಮೆ.

ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ವರ್ಚುವಲೈಸೇಷನ್ ಸೌಲಭ್ಯ ತಂದವು. ಆ ಸೌಲಭ್ಯವನ್ನು ನೇರವಾಗಿ ಹಿಡಿದುಕೊಳ್ಳುವುದು ಒಂದು ಹೊತ್ತಿಗೆ ಒಬ್ಬರೇ. ನಿಮ್ಮ ಮಗನ ಡಬ್ಲ್ಯುಎಸ್‌ಎಲ್2 ಓಡಬೇಕಾದರೆ ವಿಂಡೋಸ್ ತನ್ನ ಹೈಪರ್-ವಿಯನ್ನು (ವಿಎಂಗಳನ್ನು ನಡೆಸುವ ಹೈಪರ್‌ವೈಸರ್) ಬೂಟ್ ಆಗುವಾಗಲೇ ಎಬ್ಬಿಸುತ್ತೆ. ಎಬ್ಬಿಸಿದ ಮೇಲೆ ವಿಂಡೋಸ್ ಕೂಡ ಅದರ ಮೇಲೆ ಕೂತಿರುತ್ತೆ. ನಿಮಗೆ ಕಾಣುವ ಡೆಸ್ಕ್‌ಟಾಪೇ ಒಂದು ಥರ ಬಾಡಿಗೆದಾರ. ಆಮೇಲೆ ಬರುವ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಸಿಗಲ್ಲ. ಹೈಪರ್-ವಿಯ ಕೈಯಲ್ಲಿ ಕೇಳಿ ಕೇಳಿ ಕೆಲಸ ಮಾಡಿಸಬೇಕು. ಹಾಗೆ ಮಾಡುತ್ತಿದ್ದೇನೆ ಅಂತ ತಿಳಿಸುವುದಕ್ಕೆ ಅದು ಆಮೆ ತೋರಿಸುತ್ತೆ. ವಿಎಂನ ಲಾಗ್ ತೆರೆದರೆ ಎನ್‌ಇಎಂ ಅನ್ನುವ ಮೂರಕ್ಷರ ಸಿಗುತ್ತೆ, ಅದೂ ಇದೇ ಕಥೆ. ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ "ಮೆಮೊರಿ ಇಂಟೆಗ್ರಿಟಿ" ಆನ್ ಇದ್ದರೂ ಇದೇ ಆಗುತ್ತೆ, ಡಬ್ಲ್ಯುಎಸ್‌ಎಲ್ ಇಲ್ಲದಿದ್ದರೂ ಸರಿ.

ಖಚಿತ ಮಾಡಿಕೊಳ್ಳಲು ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು ತೀರಾ ಕೆಳಗೆ ಹೋಗಿ. "ಹೈಪರ್‌ವೈಸರ್ ಪತ್ತೆಯಾಗಿದೆ" ಅನ್ನುವ ಅರ್ಥದ ಸಾಲು ಇದ್ದರೆ ಮುಗಿಯಿತು.

ಪರಿಹಾರ ಎರಡು ಥರ. ನಿಮ್ಮದು ವಿಂಡೋಸ್ ಪ್ರೊ ಆಗಿದ್ದರೆ ವರ್ಚುವಲ್‌ಬಾಕ್ಸ್ ಬಿಟ್ಟು ಹೈಪರ್-ವಿಯಲ್ಲೇ ಫ್ರೀಬಿಎಸ್‌ಡಿ ಓಡಿಸಿ. 10.0ರಿಂದ, ಅಂದರೆ 2014ರಿಂದ, ಅದಕ್ಕೆ ಬೇಕಾದ ಡ್ರೈವರ್‌ಗಳು ಫ್ರೀಬಿಎಸ್‌ಡಿಯೊಳಗೇ ಇವೆ. ಏನೂ ಸೇರಿಸಬೇಕಿಲ್ಲ. ಹೋಂ ಆವೃತ್ತಿಯಾದರೆ ಹೈಪರ್-ವಿ ಮ್ಯಾನೇಜರ್ ಸಿಗಲ್ಲ. ಆಗ ವಿಂಡೋಸ್‌ನ ಬೂಟ್ ಎಂಟ್ರಿಯನ್ನು ಬಿಸಿಡಿಎಡಿಟ್ ಅನ್ನುವ ಕಮಾಂಡ್‌ನಿಂದ ನಕಲು ಮಾಡಿ. ನಕಲಿನಲ್ಲಿ ಮಾತ್ರ "ಹೈಪರ್‌ವೈಸರ್‌ಲಾಂಚ್‌ಟೈಪ್" ಅನ್ನು ಆಫ್ ಮಾಡಿ. ಕಂಪ್ಯೂಟರ್ ಆನ್ ಮಾಡುವಾಗ ಎರಡು ವಿಂಡೋಸ್ ತೋರಿಸುತ್ತೆ, ಒಂದು ಮಗನಿಗೆ, ಒಂದು ನಿಮಗೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಈ ಕೆಲಸಕ್ಕೆ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದರೆ ಅದು ಕೀ ಕೇಳಬಹುದು. ಆಗ "ಎಲ್ಲೋ ಇತ್ತಲ್ಲ" ಅಂತ ಹುಡುಕಿದರೆ ಮಗನ ಪ್ರಾಜೆಕ್ಟ್ ಕೂಡ ಒಳಗೇ ಉಳಿಯುತ್ತೆ.

ಫೋನ್ ಬಂತು. ಉಳಿದದ್ದು ಆಮೇಲೆ.


ಹಳೇಪೆಟ್ಟಿಗೆ | ಭಾನುವಾರ, ಬೆಳಿಗ್ಗೆ 8:05

ಇಷ್ಟೆಲ್ಲ ಯಾಕೆ? ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಮೇಲೆ ಹಾಕಿ. ವಿಎಂ ಒಳಗೆ ಯುನಿಕ್ಸ್ ಕಲಿಯೋದು ತೊಟ್ಟಿಯಲ್ಲಿ ಈಜು ಕಲಿತ ಹಾಗೆ.


ರಾತ್ರಿಪಾಳಿ | ಭಾನುವಾರ, ಬೆಳಿಗ್ಗೆ 8:30

ತೊಟ್ಟಿಯಲ್ಲಿ ಮುಳುಗಿದರೆ ಎದ್ದು ನಿಲ್ಲಬಹುದಲ್ಲ ಸರ್. 😀

ತಮಾಷೆ ಬಿಡಿ. ಹಳೇ ಲ್ಯಾಪ್‌ಟಾಪಿನಲ್ಲಿ ಮೊದಲು ಜಗಳ ಆಗುವುದು ವೈಫೈ ಜೊತೆ. ಯಾವ ಚಿಪ್ ಇದೆ, ಅದಕ್ಕೆ ಡ್ರೈವರ್ ಇದೆಯಾ, ಅದರಲ್ಲೇ ಒಂದು ವಾರ ಹೋಗುತ್ತೆ. ವರ್ಚುವಲ್‌ಬಾಕ್ಸ್ ತೋರಿಸುವ ಕಾರ್ಡ್ ಇಂಟೆಲ್ 82540ಇಎಂ, ಎಲ್ಲ ಬಿಎಸ್‌ಡಿಗಳಿಗೂ ಹಳೇ ಪರಿಚಯ. ಮೇಡಂಗೆ ಕಲಿಯಬೇಕಾದದ್ದು ಸಿಸ್ಟಂ, ವೈಫೈ ಚಿಪ್ ಅಲ್ಲ.


ತಂತಿಜಾಲ | ಭಾನುವಾರ, ಬೆಳಿಗ್ಗೆ 10:20

ರಾತ್ರಿಪಾಳಿಯವರು ಹೇಳಿದ್ದೆಲ್ಲ ಸರಿ. ಒಂದು ವಿಷಯದಲ್ಲಿ ಮಾತ್ರ ನನ್ನದು ಬೇರೆ ಮಾತು. ಮೇಡಂ ಝಡ್‌ಎಫ್‌ಎಸ್ ಹಾಕಿದ್ದರೆ ಮೌಂಟ್‌ರೂಟ್ ಕಥೆ ಬರುತ್ತಲೇ ಇರಲಿಲ್ಲ. ಝಡ್‌ಎಫ್‌ಎಸ್ ತನ್ನ ಪೂಲನ್ನು (ಅದು ಬಳಸುವ ಡಿಸ್ಕ್ ಜಾಗದ ಗುಂಪು) ಡಿಸ್ಕಿನ ಮೇಲೆ ತಾನೇ ಬರೆದಿಟ್ಟ ಗುರುತಿನಿಂದ ಹುಡುಕುತ್ತೆ. ಎಡಿಎ ಆಗಲಿ ಡಿಎ ಆಗಲಿ ಅದಕ್ಕೆ ಲೆಕ್ಕಕ್ಕಿಲ್ಲ. ಸ್ವಾಪ್ ಒಂದು ಸಿಗಲಿಲ್ಲ ಅಂತ ಗೊಣಗುತ್ತಿತ್ತು, ಅಷ್ಟೇ.

ದೊಡ್ಡವರ ವಿಷಯ ಅಂದಿರಲ್ಲ, ಕೈಪಿಡಿ ಅದಕ್ಕೆ ಕನಿಷ್ಠ 1 ಜಿಬಿ ಮೆಮೊರಿ ಸಾಕು ಅನ್ನುತ್ತೆ. ಆದರೆ 2 ಜಿಬಿಯಲ್ಲಿ ಅದರ ಎಆರ್‌ಸಿ ಅನ್ನುವ ಕ್ಯಾಷ್ ಜಾಗ ಹಿಡಿಯುತ್ತಾ ಹೋಗುತ್ತೆ, ಟಾಪ್ ಕಮಾಂಡಿನಲ್ಲಿ ನೋಡಿದರೆ ಗಾಬರಿ ಆಗುತ್ತೆ. ನಿಮ್ಮ ಹತ್ತಿರ 16 ಇದೆ, 4 ಕೊಡಿ. ಕೊಟ್ಟರೆ ಸಿಗುವುದು ಬೂಟ್ ಎನ್ವಿರಾನ್‌ಮೆಂಟ್, ಅಂದರೆ ಸಿಸ್ಟಂನ ಉಳಿಸಿಟ್ಟ ಸ್ಥಿತಿ. ಅಪ್‌ಗ್ರೇಡ್‌ಗೆ ಮೊದಲು "ಬಿಇಸಿಟಿಎಲ್ ಕ್ರಿಯೇಟ್" ಅಂತ ಒಂದು ಹೆಸರು ಕೊಟ್ಟು ಇಡಿ. ಕೆಟ್ಟರೆ ಬೂಟ್ ಮೆನುವಿನಲ್ಲೇ ಹಳೆಯದನ್ನು ಆರಿಸಿ ಒಳಗೆ ಹೋಗಬಹುದು.

ಸ್ನ್ಯಾಪ್‌ಶಾಟ್ ಇದೆಯಲ್ಲ, ಅದೇ ಸಾಕಲ್ವಾ ಅಂತ ಕೇಳುವವರಿದ್ದಾರೆ. ವರ್ಚುವಲ್‌ಬಾಕ್ಸ್ ಸ್ನ್ಯಾಪ್‌ಶಾಟ್ ಒಳ್ಳೆಯದೇ. ಅದು ಡಿಸ್ಕಿನ ಜೊತೆ ವಿಎಂನ ಸೆಟ್ಟಿಂಗ್ ಕೂಡ ಹಿಡಿದಿಡುತ್ತೆ. ಮೇಡಂ ವರ್ಟ್‌ಐಒಗೆ ಬದಲಿಸುವ ಮೊದಲು ಒಂದು ತೆಗೆದಿದ್ದರೆ, ವಾಪಸ್ ಹೋದಾಗ ಸಾಟಾ ಕೂಡ ವಾಪಸ್ ಬರುತ್ತಿತ್ತು. ಆದರೆ ಹತ್ತು ಹದಿನೈದು ಸ್ನ್ಯಾಪ್‌ಶಾಟ್ ಪೇರಿಸಿಟ್ಟುಕೊಂಡು ಅದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಪ್ರತಿಯೊಂದೂ ಹಿಂದಿನದರ ಮೇಲೆ ನಿಂತ ವ್ಯತ್ಯಾಸದ ಕಡತ. ನಡುವಿನ ಒಂದು ಕಡತ ಕೈಯಾರೆ ಅಳಿಸಿದಿರೋ, ಅದರ ಮೇಲಿನವೆಲ್ಲ ಹೋದವು. ಅದನ್ನು ನಾನು ಮಾಡಿದ್ದೇನೆ. "ಇದು ಯಾವುದೋ ಹಳೇ ಕಡತ, 9 ಜಿಬಿ ತಿಂದಿದೆ" ಅಂತ ಎಕ್ಸ್‌ಪ್ಲೋರರ್‌ನಲ್ಲಿ ಶಿಫ್ಟ್ ಡಿಲೀಟ್ ಒತ್ತಿದವನು ನಾನೇ. ಮೂರು ತಿಂಗಳ ನೋಟ್ಸ್ ಅದರಲ್ಲಿತ್ತು.

ಡಿಸ್ಕ್ ವಿಷಯವೂ ಹೇಳಿಬಿಡುತ್ತೇನೆ. 16 ಜಿಬಿ ಕೊಟ್ಟಿದ್ದೀರಿ. ಮುಂದೆ ಗ್ರಾಫಿಕಲ್ ಡೆಸ್ಕ್‌ಟಾಪ್ ಅದು ಇದು ಹಾಕಿದರೆ ಸಾಲಲ್ಲ, ದೊಡ್ಡದು ಮಾಡಬೇಕಾಗುತ್ತೆ. ಯುಎಫ್‌ಎಸ್ ಹಾಕುವಾಗ ಇನ್‌ಸ್ಟಾಲರ್ ಸ್ವಾಪನ್ನು ರೂಟಿನ ಹಿಂದೆ, ಡಿಸ್ಕಿನ ಕೊನೆಯಲ್ಲಿ ಇಡುತ್ತೆ. ಡಿಸ್ಕನ್ನು 40 ಮಾಡಿದರೂ ಹೊಸ ಜಾಗ ಸ್ವಾಪಿನ ಆಚೆ ಉಳಿಯುತ್ತೆ. ರೂಟ್ ಬೆಳೆಯಲು ಹೋದರೆ ಮುಂದೆ ಸ್ವಾಪ್ ಅಡ್ಡ ನಿಂತಿರುತ್ತೆ. ಸ್ವಾಪ್ ಆಫ್ ಮಾಡಿ, "ಜಿಪಾರ್ಟ್ ರಿಕವರ್" ಕೊಟ್ಟು, ಸ್ವಾಪ್ ಪಾರ್ಟಿಷನ್ ಅಳಿಸಿ, ಆಮೇಲೆ "ಜಿಪಾರ್ಟ್ ರಿಸೈಜ್", "ಗ್ರೋಎಫ್‌ಎಸ್", ಎಲ್ಲವನ್ನೂ ಇದೇ ಕ್ರಮದಲ್ಲಿ ಮಾಡಬೇಕು. ರೂಟ್ ಬೆಳೆಸುವಾಗ ಕೊನೆಯಲ್ಲಿ ಒಂದಿಷ್ಟು ಬಿಟ್ಟು ಆಮೇಲೆ ಅಲ್ಲಿ ಹೊಸ ಸ್ವಾಪ್ ಮಾಡಿ. ಡಿಸ್ಕ್ ದೊಡ್ಡದಾದ ಕೂಡಲೇ "ಜಿಪಿಟಿ ಕೆಟ್ಟಿದೆ" ಅಂತ ಬರುವ ಸಂದೇಶಕ್ಕೆ ಹೆದರಬೇಡಿ. ಜಿಪಿಟಿ ಅನ್ನುವ ಪಾರ್ಟಿಷನ್ ಟೇಬಲ್ಲಿನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರಬೇಕು. ಕೊನೆ ಈಗ ಮುಂದಕ್ಕೆ ಹೋಗಿದೆ, ಅದಕ್ಕೆ ಕೂಗುತ್ತೆ. ರಿಕವರ್ ಕೊಟ್ಟರೆ ಸುಮ್ಮನಾಗುತ್ತೆ.


ಮೂಲೆಮೇಜು | ಸೋಮವಾರ, ರಾತ್ರಿ 10:50

ಬೂಟ್ ಆಯಿತು!!

ರಾತ್ರಿಪಾಳಿಯವರೇ, ನೀವು ಬರೆದ ಹಾಗೇ ಒಂದೊಂದೇ ಮಾಡುತ್ತಾ ಹೋದೆ. ಪ್ರಶ್ನಾರ್ಥಕ ಒತ್ತಿದಾಗ ಪಟ್ಟಿ ಬಂತಲ್ಲ, ಅದರಲ್ಲಿ ಡಿಎ0ಪಿ2 ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ಇಇ ಒಳಗೆ ಮಾತ್ರ ಸ್ವಲ್ಪ ಒದ್ದಾಡಿದೆ, ಹೊರಗೆ ಬರಲು ಎಸ್ಕೇಪ್ ಒತ್ತಬೇಕು ಅಂತ ಮೇಲೇ ಬರೆದಿತ್ತು, ನಾನು ಓದಿರಲಿಲ್ಲ. ಆಮೇಲೆ ನೀವು ಹೇಳಿದ ಹಾಗೇ ನೆಟ್ ಇರಲಿಲ್ಲ. ಅದನ್ನು ನಾನೇ ಸರಿ ಮಾಡಿದೆ. ಲೇಬಲ್ ಕೂಡ ಹಚ್ಚಿದೆ. ನಂಬಿಕೆ ಬರಲಿ ಅಂತ ಡಿಸ್ಕನ್ನು ಬೇಕಂತಲೇ ವಾಪಸ್ ಸಾಟಾಗೆ ಹಾಕಿ ಬೂಟ್ ಮಾಡಿದೆ. ಸೀದಾ ಲಾಗಿನ್‌ಗೆ ಹೋಯಿತು, ಸ್ವಾಪ್ ಬಗ್ಗೆ ಮಾತ್ರ ಒಂದು ಸಾಲು ಗೊಣಗಿತು. ಸ್ವಾಪಿಗೆ ಲೇಬಲ್ ಹಚ್ಚಿರಲಿಲ್ಲ, ಆಮೇಲೆ ಅದಕ್ಕೂ ಹಚ್ಚಿದೆ.

ನಮ್ಮದು ಹೋಂ ಆವೃತ್ತಿ. ಹಾಗಾಗಿ ಎರಡು ಬೂಟ್ ಎಂಟ್ರಿ ದಾರಿ. ರಿಕವರಿ ಕೀಯನ್ನು ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು, ಮಗನ ಕೈಯಲ್ಲಿ ಒಂದೊಂದಕ್ಷರ ಓದಿಸಿ ತಾಳೆ ನೋಡಿದೆ. ಮೊದಲ ಸಲ ಆಮೆ ಹೋಗಲಿಲ್ಲ. ಮೆಮೊರಿ ಇಂಟೆಗ್ರಿಟಿಯನ್ನೂ ಆಫ್ ಮಾಡಿದ ಮೇಲೆ ಹೋಯಿತು. ಅದರ ಜಾಗದಲ್ಲಿ ಈಗ "ವಿ" ಅಕ್ಷರದ ಪುಟ್ಟ ಚಿಪ್ ಚಿತ್ರ ಇದೆ. ನಾಲ್ಕು ನಿಮಿಷ ಆಗುತ್ತಿದ್ದ ಬೂಟ್ ಈಗ 31 ಸೆಕೆಂಡ್. ಅದರಲ್ಲಿ 10 ಸೆಕೆಂಡ್ ಆ ಮೊದಲ ಮೆನು ಸುಮ್ನೆ ಎಣಿಸುತ್ತಾ ಕೂತಿರುತ್ತೆ.

ಒಂದು ಸಂಶಯ. ಮೆಮೊರಿ ಇಂಟೆಗ್ರಿಟಿ ಸುರಕ್ಷತೆಗೆ ಇರುವುದಲ್ವಾ? ಆಫ್ ಮಾಡಿದ್ದು ತಪ್ಪಾ?

ಇನ್ನೊಂದು, ವಿಎಂ ಕಿಟಕಿಯಲ್ಲಿ ಅಕ್ಷರ ತೀರಾ ಚಿಕ್ಕದು, ಕಾಪಿ ಪೇಸ್ಟ್ ಆಗಲ್ಲ. ಕನ್ನಡಕ ಹಾಕಿಯೂ ಬಗ್ಗಿ ನೋಡುತ್ತಿದ್ದೇನೆ.


ರಾತ್ರಿಪಾಳಿ | ಮಂಗಳವಾರ, ಬೆಳಗಿನ ಜಾವ 1:40

ಭೇಷ್. ವಾಪಸ್ ಸಾಟಾಗೆ ಹಾಕಿ ಪರೀಕ್ಷೆ ಮಾಡಿದಿರಲ್ಲ, ಅದು ನನಗೆ ಬಹಳ ಹಿಡಿಸಿತು.

ಮೆಮೊರಿ ಇಂಟೆಗ್ರಿಟಿ ಸುರಕ್ಷತೆಗೇ ಇರುವುದು. ಕೆಟ್ಟ ಡ್ರೈವರ್ ಕರ್ನಲ್ ಒಳಗೆ ನುಗ್ಗದಂತೆ ತಡೆಯುತ್ತೆ. ಆಫ್ ಮಾಡಿದರೆ ಆ ಒಂದು ಗೋಡೆ ಕಡಿಮೆ. ಆ ಸೆಟ್ಟಿಂಗ್ ಎರಡೂ ಎಂಟ್ರಿಗೆ ಒಂದೇ, ಹಾಗಾಗಿ ಮಗನ ಕಡೆಯೂ ಆಫ್ ಆಗಿರುತ್ತೆ. ನಾನಾದರೆ ಆ ಕಂಪ್ಯೂಟರಿನಲ್ಲಿ ಸಿಕ್ಕ ಸಿಕ್ಕ ಕಡೆಯಿಂದ ಪ್ರೋಗ್ರಾಂ ಇಳಿಸಲ್ಲ. ಮನಸ್ಸು ಒಪ್ಪದಿದ್ದರೆ ಮತ್ತೆ ಆನ್ ಮಾಡಿ, ಆಮೆಯ ಜೊತೆ ಬಾಳಿ. ಅದು ನಿಮ್ಮಿಷ್ಟ, ನಾನು ಒತ್ತಾಯ ಮಾಡಲ್ಲ.

ಅಕ್ಷರದ ವಿಷಯ. ಆ ಕಿಟಕಿಯೊಳಗೆ ಕೆಲಸ ಮಾಡಬೇಡಿ, ಅಷ್ಟೇ. ಅದು ಸರ್ವರಿಗೆ ಸಿಕ್ಕಿಸಿದ ಮಾನಿಟರ್ ಇದ್ದ ಹಾಗೆ, ಬೂಟ್ ಕೆಟ್ಟಾಗ ನೋಡೋದಕ್ಕೆ. ದಿನದ ಕೆಲಸಕ್ಕೆ ಎಸ್‌ಎಸ್‌ಎಚ್‌ನಲ್ಲಿ (ಹೊರಗಿನಿಂದ ಲಾಗಿನ್ ಆಗುವ ದಾರಿ) ಹೋಗಿ. ವಿಎಂ ನ್ಯಾಟ್ ಹಿಂದೆ (ವಿಂಡೋಸ್‌ನ ವಿಳಾಸದ ಮರೆಯಲ್ಲಿ) ಇದೆ, ಅದರ ವಿಳಾಸ 10.0.2.15 ಇರುತ್ತೆ ನೋಡಿ, ಹೊರಗಿನಿಂದ ಅದಕ್ಕೆ ನೇರ ದಾರಿ ಇಲ್ಲ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆರೆದು ಹೋಸ್ಟ್ ವಿಳಾಸ 127.0.0.1, ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ಕೊಡಿ (ಹೋಸ್ಟ್ ಅಂದರೆ ವಿಂಡೋಸ್, ಗೆಸ್ಟ್ ಅಂದರೆ ವಿಎಂ). ಒಳಗೆ "ಸಿಸ್‌ಆರ್‌ಸಿ ಎಸ್‌ಎಸ್‌ಎಚ್‌ಡಿ_ಎನೇಬಲ್=ಯೆಸ್" ಮಾಡಿ ಸರ್ವಿಸ್ ಶುರು ಮಾಡಿ. ವಿಂಡೋಸ್ 11ರಲ್ಲಿ ಎಸ್‌ಎಸ್‌ಎಚ್ ಕಮಾಂಡ್ ಆಗಲೇ ಇದೆ, 2222 ಪೋರ್ಟಿಗೆ ಹೋದರೆ ಆಯಿತು. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು, ಕಾಪಿ ಪೇಸ್ಟ್ ಕೂಡ. ವಿಎಂ ಶುರು ಮಾಡುವಾಗ ಹೆಡ್‌ಲೆಸ್ ಆರಿಸಿದರೆ ಆ ಕಿಟಕಿ ತೆರೆಯೋದೇ ಇಲ್ಲ.

ರೂಟ್ ಹೆಸರಿನಲ್ಲಿ (ಇದು ಡಿಸ್ಕಿನ ರೂಟ್ ಅಲ್ಲ, ಎಲ್ಲ ಅಧಿಕಾರ ಇರುವ ಯೂಸರ್) ಎಸ್‌ಎಸ್‌ಎಚ್ ಒಳಗೆ ಬಿಡಲ್ಲ, ಅದು ಬೇಕಂತಲೇ ಹಾಗಿದೆ. ನಿಮ್ಮ ಯೂಸರಿನಲ್ಲಿ ಹೋಗಿ ಆಮೇಲೆ ಎಸ್‌ಯು ಕಮಾಂಡಿನಿಂದ ರೂಟ್ ಆಗಿ. ಆ ಯೂಸರ್ "ವ್ಹೀಲ್" ಗುಂಪಿನಲ್ಲಿ ಇಲ್ಲದಿದ್ದರೆ ಎಸ್‌ಯು ಕೂಡ ಬಿಡಲ್ಲ, ಪಾಸ್‌ವರ್ಡ್ ಸರಿ ಇದ್ದರೂ. ಲಿನಕ್ಸಿನಿಂದ ಬಂದವರೆಲ್ಲ ಇಲ್ಲಿ ಒಂದು ಗಂಟೆ ತಲೆ ಕೆಡಿಸಿಕೊಂಡಿರುತ್ತಾರೆ.

ಮೆನುವಿನ 10 ಸೆಕೆಂಡ್ ಬೇಡ ಅಂದರೆ /ಬೂಟ್/ಲೋಡರ್.ಕಾನ್ಫ್ ಕಡತದಲ್ಲಿ "ಆಟೋಬೂಟ್_ಡಿಲೇ" 2 ಮಾಡಿ. ಸೊನ್ನೆ ಮಾಡಬೇಡಿ, ಸಿಂಗಲ್ ಯೂಸರ್‌ಗೆ ಹೋಗಲು ಒಂದು ಕ್ಷಣ ಬೇಕು.


ಮೂಲೆಮೇಜು | ಮುಂದಿನ ಸೋಮವಾರ, ರಾತ್ರಿ 9:15

ಎಸ್‌ಎಸ್‌ಎಚ್ ಬಂತು, ಅಕ್ಷರ 18ಕ್ಕೆ ಇಟ್ಟುಕೊಂಡು ರಾಣಿಯ ಹಾಗೆ ಕೂತಿದ್ದೇನೆ. ಈಗ ಒಂದು ಸಣ್ಣ ವಿಷಯ.

ಶುಕ್ರವಾರ ರಾತ್ರಿ ವಿಎಂ ಕಿಟಕಿ ಮುಚ್ಚುವಾಗ "ಸೇವ್ ಸ್ಟೇಟ್" ಕೊಟ್ಟೆ. ಇವತ್ತು ತೆರೆದೆ. ಎಲ್ಲ ಬಿಟ್ಟಲ್ಲೇ ಇದೆ, ಅರ್ಧ ಟೈಪ್ ಮಾಡಿದ ಸಾಲು ಕೂಡ. ಆದರೆ ಒಳಗಿನ ಗಡಿಯಾರ ಇನ್ನೂ ಶುಕ್ರವಾರ ರಾತ್ರಿ ಅನ್ನುತ್ತೆ. ಗಡಿಯಾರ ಹೊಂದಿಸುವ ಎನ್‌ಟಿಪಿಡಿ ಅನ್ನುವ ಸರ್ವಿಸ್ ಆನ್ ಮಾಡಿದ್ದೆ, ಅದು ಸರಿ ಮಾಡಬೇಕಿತ್ತು. ನೋಡಿದರೆ ಎನ್‌ಟಿಪಿಡಿ ಓಡುತ್ತಲೇ ಇಲ್ಲ. ನಾನು ನಿಲ್ಲಿಸಿಲ್ಲ.


ತಂತಿಜಾಲ | ಮುಂದಿನ ಸೋಮವಾರ, ರಾತ್ರಿ 9:40

ಅದೇ ನಿಂತಿತು. ವ್ಯತ್ಯಾಸ 1000 ಸೆಕೆಂಡ್ ದಾಟಿದರೆ ಎನ್‌ಟಿಪಿಡಿ "ಇದು ನಂಬುವ ಹಾಗಿಲ್ಲ, ಮನುಷ್ಯರೇ ನೋಡಲಿ" ಅಂತ ತಾನೇ ಹೊರಟುಹೋಗುತ್ತೆ. 1000 ಸೆಕೆಂಡ್ ಅಂದರೆ ಹದಿನೇಳು ನಿಮಿಷವೂ ಇಲ್ಲ, ನಿಮ್ಮದು ಮೂರು ದಿನ. /ವಾರ್/ಲಾಗ್/ಮೆಸೇಜಸ್ ನೋಡಿ, ಹೋಗುವಾಗ ಒಂದು ಸಾಲು ಬರೆದಿಟ್ಟು ಹೋಗಿರುತ್ತೆ.

ಆರ್‌ಸಿ.ಕಾನ್ಫ್‌ನಲ್ಲಿ "ಎನ್‌ಟಿಪಿಡಿ_ಸಿಂಕ್_ಆನ್_ಸ್ಟಾರ್ಟ್=ಯೆಸ್" ಹಾಕಿ. ಆಗ ಶುರುವಾಗುವಾಗ ಒಂದು ಸಲ ಎಷ್ಟೇ ವ್ಯತ್ಯಾಸ ಇದ್ದರೂ ಒಪ್ಪಿಕೊಳ್ಳುತ್ತೆ. ಒಂದೇ ಸಲ. ಹಾಗಾಗಿ ಸೇವ್ ಸ್ಟೇಟ್‌ನಿಂದ ಎದ್ದ ಮೇಲೆ "ಸರ್ವಿಸ್ ಎನ್‌ಟಿಪಿಡಿ ರೀಸ್ಟಾರ್ಟ್" ಕೊಡಬೇಕು. ವಿಎಂ ಒಳಗೆ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್ ಪ್ಯಾಕೇಜ್ ಹಾಕಿದರೆ ಅದೂ ಹೋಸ್ಟಿನ ಗಡಿಯಾರ ನೋಡಿ ಸರಿ ಮಾಡುತ್ತೆ. ನಿಮಗೆ ಬೂಟ್ ಈಗ ಅರ್ಧ ನಿಮಿಷ ಅಷ್ಟೇ ತಾನೆ? ರಾತ್ರಿ ಸರಿಯಾಗಿ ಶಟ್‌ಡೌನ್ ಮಾಡಿ ಮಲಗಿ.


ಮೂಲೆಮೇಜು | ಮುಂದಿನ ಸೋಮವಾರ, ರಾತ್ರಿ 10:05

ಲಾಗ್‌ನಲ್ಲಿ ಇತ್ತು, ನೀವು ಹೇಳಿದ ಅದೇ ಸಾವಿರದ ಅಂಕಿ. ಸಾಲು ಹಾಕಿದೆ, ರೀಸ್ಟಾರ್ಟ್ ಕೊಟ್ಟೆ, ಗಡಿಯಾರ ಸೋಮವಾರಕ್ಕೆ ಬಂತು.

ತಂತಿಜಾಲ ಅವರೇ, ಝಡ್‌ಎಫ್‌ಎಸ್‌ಗೆ 4 ಜಿಬಿ ಕೊಟ್ಟು ಎರಡನೆಯ ವಿಎಂ ಮಾಡುತ್ತಿದ್ದೇನೆ, ಇದನ್ನು ಮುಟ್ಟಲ್ಲ. ಮಗ ಮಾತ್ರ ಬಂದು ನೋಡಿ "ಆಮೆ ಎಲ್ಲಿ ಹೋಯಿತು, ಚೆನ್ನಾಗಿತ್ತಲ್ಲ" ಅಂತ ಕೇಳಿ ಹೋದ.